ದಿಯೊಲಿಂಡಾ ಮುಳುಗಿದ ಪ್ರಕರಣ

ನವೆಂಬರ್ ತಿಂಗಳ ಎರಡನೇ ಸೋಮವಾರ, ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ಗಿಲ್ ಫುರ್ತಾಡೊ ರೋಡ್ ಐಲೆಂಡಿನ ಹ್ಯಾಜರ್ಡ್ಸ್ ಕೋವ್ ಪೊಲೀಸ್ ಠಾಣೆಗೆ ಬಂದ. ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, "ದಿಯೊಲಿಂಡಾ ಮುಳುಗಿಹೋದಳು," ಎಂದ.

ಮೇಜಿನ ಹಿಂದೆ ಕುಳಿತಿದ್ದ ಪೇದೆ ಲೂಯಿ ಪೆಲ್ಟಿಯರ್‌ಗೆ ಕಾಫಿ ಗಂಟಲಲ್ಲೇ ಸಿಕ್ಕಿಕೊಂಡಿತು. ದಿಯೊಲಿಂಡಾ ಎಂದರೆ ಗಿಲ್‌ನ ಹೆಂಡತಿ. ಗಿಲ್‌ನ ದೋಣಿಯ ಹೆಸರೂ ಅದೇ.

"ಯಾರಯ್ಯಾ? ಮನೆಯವಳಾ, ದೋಣಿಯಾ? ಬಿಡಿಸಿ ಹೇಳು!"

"ದೋಣಿ."

"ಸದ್ಯ, ಬದುಕಿದೆ," ಎಂದ ಲೂಯಿ. ಆಮೇಲೆ ಗಿಲ್‌ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ದೂರು ದಾಖಲಾಯಿತು. ದೂರುದಾರ ಗಿಲ್ ಫುರ್ತಾಡೊ, ವಯಸ್ಸು ಅರವತ್ತೊಂದು, ಬಾಡಿಗೆ ದೋಣಿಯ ಕ್ಯಾಪ್ಟನ್. ಭಾನುವಾರ ಮಧ್ಯಾಹ್ನ ಕಟ್ಟೆಗೆ ಕಟ್ಟಿ ಮನೆಗೆ ಹೋಗಿದ್ದ. ಸೋಮವಾರ ಬೆಳಗ್ಗೆ ಗಿರಾಕಿಗಳಿಗಾಗಿ ಏಡಿಯ ಬುಟ್ಟಿ ಹೊತ್ತು ಬಂದಾಗ ಚಾವಣಿ ಮತ್ತು ಆಂಟೆನಾ ಮಾತ್ರ ನೀರಿನ ಮೇಲಿದ್ದವು. ಶರತ್ಕಾಲ ಬಂತೆಂದರೆ ದಿನಕ್ಕೆ ಆರು ಜನರನ್ನು ಕಪ್ಪುಮೀನು ಹಿಡಿಸಲು ಕರೆದೊಯ್ಯುವುದು ಅವನ ಕಸುಬು. ಈ ಮೀನು ಬಂಡೆಯ ಸಂದಿಯಲ್ಲೋ, ಮುಳುಗಿದ ಹಡಗಿನ ಹೊಟ್ಟೆಯಲ್ಲೋ ಸಂಸಾರ ಹೂಡಿಕೊಂಡಿರುತ್ತದೆ. ದೋಣಿ ಸರಿಯಾಗಿ ಅದರ ನೆತ್ತಿಯ ಮೇಲೆ ನಿಲ್ಲಬೇಕು. ಸ್ವಲ್ಪ ಆಚೀಚೆಯಾದರೂ ಗಾಳಕ್ಕೆ ಸಿಕ್ಕಿಸಿದ ಏಡಿಯನ್ನು ಮೂಸುವವರಿರುವುದಿಲ್ಲ. ಹಾಗಾಗಿ ಲಂಗರು ಹಾಕುವುದರಲ್ಲೇ ಕ್ಯಾಪ್ಟನ್ ಒಬ್ಬನ ಹೆಸರು ಉಳಿಯುತ್ತದೆ, ಇಲ್ಲವೇ ಕೆಡುತ್ತದೆ. ಗಿಲ್‌ನ ಹೆಸರು ಮೂವತ್ತು ವರ್ಷ ಉಳಿದಿತ್ತು.

ಸಾರ್ಜೆಂಟ್ ಬರ್ನಿಸ್ ಟ್ಯಾಲ್‌ಮನ್ ಒಳಗಿನ ಕೋಣೆಯಿಂದ ಬಂದು ಅವನ ಎದುರು ಕುಳಿತಳು. ಅವಳ ತಂದೆಯೂ ಇದೇ ಬಂದರಿನಲ್ಲಿ ಬಲೆ ಎಳೆದವನು. ಗಿಲ್ ಅವಳನ್ನು ಫ್ರಾಕು ಹಾಕುವ ಕಾಲದಿಂದ ಬಲ್ಲ.

"ಯಾರ ಮೇಲಾದರೂ ಅನುಮಾನ ಇದೆಯಾ ಕ್ಯಾಪ್ಟನ್?"

"ಇಲ್ಲ."

"ಜಗಳ?"

ಗಿಲ್ ಟೋಪಿಯನ್ನು ತಿರುವಿದ. "ಜಗಳ ಯಾರಿಗಿಲ್ಲ ಬರ್ನಿಸ್. ಯಾರು ಮಾಡಿದ್ರು ಅಂತ ಕಂಡುಹಿಡಿ, ಅಷ್ಟೇ."

ಸಹಿ ಹಾಕುವಾಗ ಅವನ ಅಂಗೈಗಳು ಕಂಡವು. ಎರಡರಲ್ಲೂ ಅಡ್ಡಡ್ಡಕ್ಕೆ ಹಗ್ಗ ಉಜ್ಜಿ ಸುಟ್ಟ ಗೀರು. ಕೆಲವು ಹಳತು, ಕೆಲವು ಇನ್ನೂ ಹಸಿ. ಬರ್ನಿಸ್ ನೋಡಿದಳು, ಲೂಯಿಯೂ ನೋಡಿದ.

ಎಂಟು ಗಂಟೆಗೆ ಕಟ್ಟೆಯ ಮೇಲೆ ಮಹಜರು ನಡೆಯಿತು. ಮುಳುಗುಗಾರ ಒಳಗಿಳಿದು ಬಂದು ಹೇಳಿದ್ದನ್ನು ಲೂಯಿ ಬರೆದುಕೊಂಡ. ಇಂಜಿನ್ನಿನ ಪಕ್ಕ ಸಮುದ್ರದ ನೀರು ಒಳಗೆ ಬರುವ ರಬ್ಬರ್ ಪೈಪು ಕಳಚಿದೆ. ಕತ್ತರಿಸಿಲ್ಲ, ಅದನ್ನು ಬಿಗಿದಿದ್ದ ಉಕ್ಕಿನ ಪಟ್ಟಿಯ ತಿರುಪನ್ನು ಸಾವಧಾನವಾಗಿ ಸಡಿಲಿಸಿ ತೆಗೆದಿದ್ದಾರೆ. ಬ್ಯಾಟರಿಯ ಗುಂಡಿ ಆರಿಸಿದೆ, ಆದ್ದರಿಂದ ನೀರು ಹೊರಹಾಕುವ ಪಂಪು ಓಡಿಲ್ಲ. ಕಟ್ಟೆಗೆ ಕಟ್ಟಿದ ಹಗ್ಗಗಳನ್ನು ಒಂದೊಂದು ಮಾರು ಸಡಿಲಿಸಿ ಮತ್ತೆ ಕಟ್ಟಿದ್ದಾರೆ.

"ಯಾಕೆ ಸಡಿಲ ಮಾಡಿದ್ರು?" ಬರ್ನಿಸ್ ಕೇಳಿದಳು.

"ಬಿಗಿಯಾಗಿದ್ದಿದ್ರೆ ಮುಳುಗೋವಾಗ ಕಟ್ಟೆನ ಕಿತ್ಕೊಂಡು ಹೋಗ್ತಿತ್ತು. ಪಕ್ಕದ ಕ್ಯಾಪ್ಟನ್ ಸ್ಪಾಫರ್ಡ್‌ನ ದೋಣಿಗೂ ಏಟು ಬೀಳ್ತಿತ್ತು," ಎಂದ ಲೂಯಿ. "ಭಾರಿ ಮರ್ಯಾದಸ್ಥ ಕಳ್ಳ. ಇನ್ನೊಬ್ಬರಿಗೆ ತೊಂದರೆ ಕೊಡದೆ ಮುಳುಗಿಸಿದ್ದಾನೆ."

ಕಟ್ಟೆಯ ಪೆಟ್ಟಿಗೆಯ ಮೇಲೆ ಎಂಟು ಲೈಫ್ ಜಾಕೆಟ್‌ಗಳು ಮಡಿಸಿದ ಬಟ್ಟೆಯಂತೆ ಒಂದರ ಮೇಲೊಂದು ಒಣಗಿಯೇ ಇದ್ದವು. ಒಳಗೆ ಮೀನು ಹುಡುಕುವ ಯಂತ್ರ, ರೇಡಿಯೊ, ಗಾಳದ ಕೋಲುಗಳು ಎಲ್ಲವೂ ಇದ್ದ ಜಾಗದಲ್ಲೇ ನೀರು ಕುಡಿದು ಕೂತಿದ್ದವು. ಕಾಣೆಯಾದದ್ದು ಒಂದೇ. ಚುಕ್ಕಾಣಿಯ ಮೇಲ್ಗಡೆ ನಾಲ್ಕು ತಿರುಪು ಹಾಕಿ ಕೂರಿಸಿದ್ದ ಸಾಂತೊ ಕ್ರಿಸ್ತೊ ಚಿತ್ರಪಟ, ಮುಳ್ಳಿನ ಕಿರೀಟದ ಏಸು. ಅಲ್ಲಿ ಈಗ ನಾಲ್ಕು ತೂತುಗಳಿದ್ದವು.

"ಸಾವಿರಾರು ಡಾಲರಿನ ಯಂತ್ರ ಬಿಟ್ಟು ದೇವರ ಪಟ ಹೊತ್ಕೊಂಡು ಹೋಗೋ ಕಳ್ಳ ಎಲ್ಲಿದ್ದಾನೆ ಸಾರ್ಜೆಂಟ್?"

"ಬರ್ಕೊ ಲೂಯಿ."

ಬರೆದುಕೊಳ್ಳುತ್ತಲೇ ಲೂಯಿ ಕಟ್ಟೆಯ ಕಸದ ಡಬ್ಬಿಯೊಳಗೆ ಇಣುಕಿದವನು, ಹಾವು ಕಂಡವನಂತೆ ಹಿಂದೆ ಹಾರಿದ. "ಬಾಳೆಹಣ್ಣು!"

ದೋಣಿಯ ಮೇಲೆ ಬಾಳೆಹಣ್ಣು ಬಂದರೆ ಆ ದಿನ ಮೀನೂ ಬರುವುದಿಲ್ಲ, ಕೆಲವೊಮ್ಮೆ ಜನರೂ ಬರುವುದಿಲ್ಲ ಎಂದು ಈ ಬಂದರಿನಲ್ಲಿ ಹಸುಗೂಸಿಗೂ ಗೊತ್ತು. ಗಿರಾಕಿಯ ಊಟದ ಡಬ್ಬಿಯಲ್ಲಿ ಬಾಳೆಹಣ್ಣು ಸಿಕ್ಕರೆ ಕ್ಯಾಪ್ಟನ್ ಅದನ್ನು ಕಟ್ಟೆಯ ಮೇಲೇ ಎಸೆದು ಬರುತ್ತಾನೆ, ಗಿರಾಕಿ ಜಡ್ಜ್ ಆಗಿದ್ದರೂ ಸರಿಯೇ. ಡಬ್ಬಿಯಲ್ಲಿ ಕಂದು ಕಾಗದದ ಚೀಲ, ಅದರೊಳಗೆ ಕಪ್ಪು ತಿರುಗಿದ ಅರ್ಧ ಡಜನ್ ಹಣ್ಣು. ಚೀಲದ ಮೇಲೆ ಕಿತ್ತಳೆ ಬಣ್ಣದ ಚೀಟಿ: ಅರ್ಧ ಬೆಲೆ. ಬೆಟ್ಟದ ತಿರುವಿನಲ್ಲಿರುವ ಪೋರ್ಚುಗೀಸ್ ದಿನಸಿ ಅಂಗಡಿಯಲ್ಲಿ, ಸಂಜೆ ಬಾಗಿಲು ಹಾಕುವಾಗ ಉಳಿದ ಹಣ್ಣಿಗೆ ಅಂಟಿಸುವ ಚೀಟಿ ಅದು.

ಪಕ್ಕದ ದೋಣಿಯ ಕ್ಯಾಪ್ಟನ್ ಡ್ವೈಟ್ ಸ್ಪಾಫರ್ಡ್‌ನ ವಿಚಾರಣೆ ಅವನ ದೋಣಿಯಲ್ಲೇ ನಡೆಯಿತು. ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. ಏಡಿಗಳನ್ನು ಎರಡು ತುಂಡು ಮಾಡುತ್ತಲೇ ಉತ್ತರ ಕೊಟ್ಟ.

"ಬಾಳೆಹಣ್ಣು ನೀನಿಟ್ಟಿದ್ದಾ?"

"ನಾನು ಆ ಹಣ್ಣು ಮುಟ್ಟಿದ ಕೈಲಿ ನನ್ನ ದೋಣಿ ಹತ್ತೋದುಂಟಾ? ಈ ಸೀಸನ್ನಲ್ಲಿ ಮೂರು ಸಲ ಯಾರೋ ಅವನ ದೋಣಿ ಮೇಲೆ ಇಟ್ಟು ಹೋದ್ರು. ಅವನು ಪ್ರತಿ ಸಲ ಎತ್ತಿ ಡಬ್ಬಿಗೆ ಹಾಕಿ ಹೊರಟ."

"ಭಾನುವಾರ ಮಧ್ಯಾಹ್ನ ಎಲ್ಲಿದ್ದೆ?"

"ಎಲ್ಲರೂ ಇದ್ದಲ್ಲೇ. ಬಾರಲ್ಲಿ, ಫುಟ್ಬಾಲ್ ನೋಡ್ತಾ. ಕಟ್ಟೆ ಮೇಲೆ ನರಪಿಳ್ಳೆ ಇರ್ಲಿಲ್ಲ."

"ಗಿಲ್ ಜೊತೆ ಮಾತು ಬಿಟ್ಟಿದ್ದೀಯಂತೆ."

ಸ್ಪಾಫರ್ಡ್ ಕತ್ತಿ ಕೆಳಗಿಟ್ಟ. "ಅವನು ಎಲ್ಲಿ ಲಂಗರು ಹಾಕ್ತಾನೆ ಅಂತ ಗೊತ್ತಾ ನಿಂಗೆ? ಮಂಜು ಬಿದ್ದ ದಿನ ರೇಡಾರಲ್ಲಿ ನೋಡಿದೆ. ಒಂದು ದಿನ ಅಲ್ಲ, ನಾಲ್ಕು ದಿನ ನೋಡಿದೆ. ಸ್ಟೆಲಾ ಬಿ ಮೇಲೆ."

ಬರ್ನಿಸ್ ಪ್ರಶ್ನೆ ಕೇಳುವುದನ್ನು ಮರೆತು ಅವನನ್ನೇ ನೋಡಿದಳು.

ಸ್ಟೆಲಾ ಬಿ ಬಲೆ ಎಳೆಯುವ ಹಡಗು. ನಾಲ್ಕು ವರ್ಷದ ಹಿಂದೆ, ಫೆಬ್ರವರಿಯ ಬಿರುಗಾಳಿಯಲ್ಲಿ ಮೂವರ ಸಮೇತ ಮುಳುಗಿತು. ಇಬ್ಬರ ದೇಹ ಸಿಕ್ಕಿತು. ಮೂರನೆಯವನು ಸಿಗಲಿಲ್ಲ. ಅವನು ನೆಲ್ಸನ್ ಫುರ್ತಾಡೊ, ಇಪ್ಪತ್ತಾರು ವರ್ಷದವನು, ಗಿಲ್ ಮತ್ತು ದಿಯೊಲಿಂಡಾರ ಒಬ್ಬನೇ ಮಗ. ಹಡಗು ಎಲ್ಲಿ ಬಿದ್ದಿದೆ ಎಂದು ಬಂದರಿನ ಪ್ರತಿ ಕ್ಯಾಪ್ಟನ್‌ಗೂ ಗೊತ್ತು. ಮುಳುಗಿದ ಹಡಗೆಂದ ಮೇಲೆ ಅಲ್ಲಿ ಕಪ್ಪುಮೀನು ಕಿಕ್ಕಿರಿದಿರುತ್ತದೆ ಎಂದೂ ಗೊತ್ತು. ಯಾರೂ ಅಲ್ಲಿ ಗಾಳ ಇಳಿಸುವುದಿಲ್ಲ. ಹಾಗೆಂದು ಯಾರೂ ಯಾರಿಗೂ ಹೇಳಿದ್ದಲ್ಲ. ಆ ಜಾಗ ದಾಟುವಾಗ ಇಂಜಿನ್ನಿನ ಸದ್ದು ತಗ್ಗಿಸಿ ದೂರದಿಂದ ಬಳಸಿಕೊಂಡು ಹೋಗುತ್ತಾರೆ.

"ಹೊರಗಿನೋರು ಹಾಕಿದ್ರೆ ಅಟ್ಟಿಸ್ಕೊಂಡು ಹೋಗಿ ಬಡೀಬಹುದು," ಎಂದ ಸ್ಪಾಫರ್ಡ್. "ಅಪ್ಪನೇ ಹಾಕಿದ್ರೆ ಏನ್ ಮಾಡೋದು? ನೀನೇ ಹೇಳು ಬರ್ನಿಸ್. ಮಾತು ಬಿಟ್ಟೆ. ದೋಣಿ ಮುಳುಗಿಸೋ ಕೆಲಸ ನಂದಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಫುಟ್ಬಾಲ್ ಆಟ ಮುಗಿಯುವವರೆಗೆ ಅವನು ಬಾರಿನಲ್ಲೇ ಬಾಯಿ ಮಾಡುತ್ತಿದ್ದನೆಂದು ಹತ್ತು ಜನ ಹೇಳಿದರು.

ಮಂಗಳವಾರ ಬೆಳಗ್ಗೆ ಗಿಲ್ ತಾನಾಗಿಯೇ ಠಾಣೆಗೆ ಬಂದ. ಒಂದೇ ದಿನಕ್ಕೆ ಹತ್ತು ವರ್ಷ ಕಳೆದವನಂತಿದ್ದ.

"ದೂರು ವಾಪಸ್ ತಗೋತೀನಿ. ಹಳೇ ಪೈಪು. ತಾನಾಗೇ ಬಿಟ್ಕೊಂಡಿರುತ್ತೆ."

"ತಿರುಪು ತಾನಾಗೇ ಬಿಚ್ಚಿಕೊಳ್ಳಲ್ಲ ಕ್ಯಾಪ್ಟನ್. ಬಂದರಿಗೆ ಡೀಸೆಲ್ ಬೇರೆ ಸೋರಿದೆ. ಈಗ ಇದು ನಿಮ್ಮೊಬ್ಬರ ವಿಷಯ ಅಲ್ಲ."

"ಬಿಟ್ಟುಬಿಡು ಬರ್ನಿಸ್."

ಬಿಡಲಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಹೋದ ಮೇಲೆ ವಿಮೆ ಕಂಪನಿಯವನ ಫೋನ್ ಬಂತು. ಮಾಲೀಕನೇ ಮುಳುಗಿಸಿದನೇ ಎಂಬುದು ಅವನ ಪ್ರಶ್ನೆ. ಲೂಯಿಗೂ ಹಾಗೇ ಅನ್ನಿಸಿತ್ತು. "ಅಂಗೈ ನೋಡಿದ್ರಲ್ಲ ಸಾರ್ಜೆಂಟ್? ಹಗ್ಗ ಸಡಿಲಿಸಿದ ಕೈ ಅದು. ನಿನ್ನೆ ದೂರು ಕೊಟ್ಟು ಇವತ್ತು ಬೇಡ ಅಂದ್ರೆ ಏನರ್ಥ?"

"ಒಂದು ಮಾರು ಹಗ್ಗ ಸಡಿಲಿಸಿದ್ರೆ ಅಂಗೈ ಸುಡಲ್ಲ ಲೂಯಿ. ಭಾರ ಕಟ್ಟಿ, ತುಂಬ ಹೊತ್ತು ಇಳಿಸಿದ್ರೆ ಸುಡುತ್ತೆ."

ಮಧ್ಯಾಹ್ನ ಅವಳು ಗಿಲ್‌ನ ಗಿರಾಕಿಗಳಿಗೆ ಫೋನ್ ಮಾಡತೊಡಗಿದಳು. ಮೂರನೆಯವನು ಪ್ರಾವಿಡೆನ್ಸ್ ನಗರದಲ್ಲಿ ಹಲ್ಲಿನ ಡಾಕ್ಟರು, ಮಾತಿನ ಮಲ್ಲ. ಅಕ್ಟೋಬರಿನಲ್ಲಿ ಎರಡು ಸಲ ಹೋಗಿದ್ದನಂತೆ. ಅಂಥ ಮೀನು ಜನ್ಮದಲ್ಲೇ ಹಿಡಿದಿರಲಿಲ್ಲವಂತೆ.

"ಕ್ಯಾಪ್ಟನ್ ಹೇಗಿದ್ರು?"

"ಒಳ್ಳೇ ಮನುಷ್ಯ, ಆದ್ರೆ ವಿಚಿತ್ರ. ಒಂದು ಗಾಳ ಇಳಿಸ್ಲಿಲ್ಲ. ನಾವೆಲ್ಲ ಹಿಡೀತಿದ್ರೆ ಬೆನ್ನು ತಿರುಗಿಸಿ ನಿಂತಿದ್ದ. ಲಂಗರು ಇಳಿಸೋಕೆ ಮೋಟಾರಿದೆ, ಗುಂಡಿ ಒತ್ತಿದ್ರೆ ಆಯ್ತು. ಇವ್ನು ಬರಿಗೈಲಿ ಹಗ್ಗ ಹಿಡ್ಕೊಂಡು ಇಂಚಿಂಚಾಗಿ ಇಳಿಸ್ತಾನೆ, ತೊಟ್ಟಿಲಿಗೆ ಮಗು ಇಳಿಸಿದ ಹಾಗೆ. ನಾವು ನಕ್ಕಿದ್ದೇ ನಕ್ಕಿದ್ದು."

ಬರ್ನಿಸ್ ಪೆನ್ನು ಹಿಡಿದ ಕೈಯನ್ನು ಮೇಜಿನ ಮೇಲಿಟ್ಟಳು. "ಇನ್ನೇನಾದರೂ?"

"ಒಂದ್ಸಲ ಲಂಗರಿಗೆ ಹಳೇ ಬಲೆ ಚೂರು ಸಿಕ್ಕಿ ಬಂತು. ಹಸಿರು ಬಲೆಗೆ ಹಳದಿ ದಾರದಲ್ಲಿ ತೇಪೆ. ಕ್ಯಾಪ್ಟನ್ ಅದನ್ನ ಬಿಡಿಸಿ ಮತ್ತೆ ನೀರಿಗೆ ಬಿಟ್ಟ, ಅಷ್ಟು ಹೊತ್ತಿಗೆ ನಾನು ಫೋಟೊ ತೆಗೆದಿದ್ದೆ. ವಾಪಸ್ ಬರ್ತಾ ಬೆಟ್ಟದ ಮೇಲಿನ ಅಂಗಡೀಲಿ ಸಿಹಿ ಬ್ರೆಡ್ ತಗೊಳ್ಳೋಕೆ ನಿಲ್ಲಿಸಿದೆ. ಕೌಂಟರಲ್ಲಿದ್ದ ಹೆಂಗಸಿಗೆ ನನ್ನ ಮೀನೆಲ್ಲ ತೋರಿಸ್ದೆ. ಆ ಬಲೆ ಫೋಟೊ ಬಂದಾಗ ಅವ್ರು ಫೋನ್ ಇಸ್ಕೊಂಡು ಬಹಳ ಹೊತ್ತು ನೋಡಿದ್ರು. ಬ್ರೆಡ್ಡಿಗೆ ದುಡ್ಡೇ ತಗೊಳ್ಲಿಲ್ಲ."

ಬರ್ನಿಸ್ ಧನ್ಯವಾದ ಹೇಳಿ ಫೋನ್ ಇಟ್ಟಳು. ಆ ಅಂಗಡಿಯ ಕೌಂಟರಿನಲ್ಲಿ ಯಾರು ಕೂರುತ್ತಾರೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ತೇಪೆ ಯಾರ ಕೈಯದೆಂದೂ ಅವಳು ಊಹಿಸಬಲ್ಲಳು. ಅವಳ ಅಪ್ಪನ ಬಲೆಗೂ ಅದೇ ಕೈ ತೇಪೆ ಹಾಕುತ್ತಿತ್ತು. ಈ ಕೆಲಸಕ್ಕೆ ಯಾಕಾದರೂ ಸೇರಿದೆನೋ ಎಂದು ಅವಳಿಗೆ ಅನ್ನಿಸಿದ್ದು ಇದು ಎರಡನೇ ಸಲ. ಮೊದಲನೆಯದೂ ಗಿಲ್ ಮತ್ತು ದಿಯೊಲಿಂಡಾರ ಮನೆಯಲ್ಲೇ. ನಾಲ್ಕು ವರ್ಷದ ಹಿಂದೆ ಆ ಅಡುಗೆಮನೆಯಲ್ಲಿ ನಿಂತು, ಹುಡುಕಾಟ ನಿಲ್ಲಿಸಿದ್ದಾರೆ ಎಂದು ಹೇಳಿದವಳು ಅವಳೇ.

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಬರ್ನಿಸ್ ಮತ್ತು ಲೂಯಿ ಫುರ್ತಾಡೊ ಮನೆಯ ಹಿಂಬಾಗಿಲು ತಟ್ಟಿದರು. ಮುಂಬಾಗಿಲಿಗೆ ಈ ಊರಿನಲ್ಲಿ ಹೊಸಬರು ಮಾತ್ರ ಹೋಗುತ್ತಾರೆ. ದಿಯೊಲಿಂಡಾ ಬಾಗಿಲು ತೆಗೆದಳು. ಸಣ್ಣ ಆಳು, ಬಿಳಿಗೂದಲು, ಅಂಗಡಿಯ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ.

"ಬಾ ಮಗಳೇ. ಸೂಪಿದೆ. ಲೂಯಿ, ಕಾಲೊರೆಸ್ಕೊಂಡು ಬಾ."

"ಊಟ ಬೇಡ ತೀಯಾ," ಎಂದಳು ಬರ್ನಿಸ್. ಊರಿನ ಮಕ್ಕಳೆಲ್ಲ ದಿಯೊಲಿಂಡಾಳನ್ನು ತೀಯಾ, ಅತ್ತೆ, ಎಂದೇ ಕರೆದು ಬೆಳೆದವರು.

ಗಿಲ್ ಮೇಜಿನ ಮುಂದೆ ಕುಳಿತಿದ್ದ. ತಟ್ಟೆಯಲ್ಲಿ ಕೇಲ್ ಸೊಪ್ಪಿನ ಸೂಪು ಮುಟ್ಟದೆ ಆರಿತ್ತು. ಒಲೆಯ ಮೇಲಿನ ಗೋಡೆಯಲ್ಲಿ ಸಾಂತೊ ಕ್ರಿಸ್ತೊ ತೂಗುತ್ತಿದ್ದ. ಚೌಕಟ್ಟಿನ ನಾಲ್ಕು ಮೂಲೆಯಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದ ತಿರುಪಿನ ಕಲೆ. ಕೆಳಗೆ ಪುಟ್ಟ ದೀಪ ಉರಿಯುತ್ತಿತ್ತು. ಪಟವನ್ನು ಬಚ್ಚಿಡಬೇಕೆಂದು ದಿಯೊಲಿಂಡಾಳಿಗೆ ಹೊಳೆದೇ ಇರಲಿಲ್ಲ. ದೇವರನ್ನು ಬೀರುವಿನೊಳಗೆ ಬಚ್ಚಿಡುವುದು ಹೇಗೆ? ಗಿಲ್ ಸೋಮವಾರ ಮಧ್ಯಾಹ್ನವೇ ಅದನ್ನು ನೋಡಿರಬೇಕು. ಎರಡು ದಿನ ಗಂಡಹೆಂಡತಿ ಅದರ ಕೆಳಗೆ ಕುಳಿತು, ಒಂದು ಮಾತಾಡದೆ ಉಂಡಿದ್ದಾರೆ.

ಲೂಯಿ ಪಟವನ್ನು ನೋಡಿದ. ಟೋಪಿ ತೆಗೆದ.

"ನಾನೇ ಮುಳುಗಿಸಿದ್ದು," ಎಂದ ಗಿಲ್ ಥಟ್ಟನೆ. "ವಿಮೆ ದುಡ್ಡಿಗೆ. ಬರ್ಕೊ."

"ಹೇಗೆ?"

"ಪೈಪು ಕೊಯ್ದೆ."

"ಯಾವುದರಲ್ಲಿ?"

"ಮೀನು ಕೊಯ್ಯೋ ಚೂರೀಲಿ."

"ಪೈಪು ಕೊಯ್ದಿಲ್ಲ ಕ್ಯಾಪ್ಟನ್. ತಿರುಪು ಬಿಚ್ಚಿದೆ."

ಗಿಲ್ ಬಾಯಿ ತೆರೆದ. ಅಷ್ಟರಲ್ಲಿ ದಿಯೊಲಿಂಡಾ ಒಲೆ ಆರಿಸಿ, ಮೇಜಿನ ಡ್ರಾಯರ್ ಎಳೆದು, ಹಳದಿ ಹಿಡಿಯ ಸ್ಕ್ರೂಡ್ರೈವರ್ ತೆಗೆದು ಬರ್ನಿಸಳ ಮುಂದಿಟ್ಟಳು.

"ಹೊಲಿಗೆ ಮಿಷನ್ನಿಂದು. ಭಾನುವಾರ ಚರ್ಚಿನಿಂದ ನೆಟ್ಟಗೆ ಹೋದೆ. ಎಲ್ಲ ಆಟ ನೋಡ್ತಾ ಇದ್ರು." ಅವಳು ಗಂಡನ ಕಡೆ ನೋಡಲಿಲ್ಲ. "ಮೂರು ಸಲ ಬಾಳೆಹಣ್ಣಿಟ್ಟೆ. ಹೆದರ್ತಾನೆ, ಹೋಗಲ್ಲ ಅಂದ್ಕೊಂಡೆ. ಹೋದ."

"ಬಾಯಲ್ಲಿ ಕೇಳಬಹುದಿತ್ತಲ್ಲ ತೀಯಾ."

"ಕೇಳಿದ್ರೆ ಇವನು ಹೌದು ಅಂತಿದ್ದ. ಹೌದು ಅಂದ್ಮೇಲೆ ಇವನ ಜೊತೆ ಹೇಗೆ ಬದುಕೋದು?" ಅವಳ ದನಿ ಏರಲಿಲ್ಲ. "ಈ ಸೀಸನ್ನಲ್ಲಿ ಒಂದು ಮೀನು ಮನೆಗೆ ತರ್ಲಿಲ್ಲ. ಪ್ರತಿ ವರ್ಷ ತಲೆ ತರ್ತಿದ್ದ, ನಾನು ಸಾರು ಮಾಡ್ತಿದ್ದೆ. ಯಾಕೆ ತರಲ್ಲ ಅಂತ ಯೋಚ್ನೆ ಮಾಡ್ತಾ ಇದ್ದೆ. ಆಮೇಲೆ ಆ ಡಾಕ್ಟ್ರು ಫೋಟೊ ತೋರಿಸಿದ. ನನ್ನ ತೇಪೆ ಬರ್ನಿಸ್. ಆ ವರ್ಷ ಜನವರೀಲಿ ಈ ಮೇಜಿನ ಮೇಲೆ ಹಾಕಿದ್ದು. ಹಸಿರು ದಾರ ಮುಗಿದಿತ್ತು. ಹಳದಿ ಇರ್ಲಿ ಬಿಡಮ್ಮ, ಮೀನೇನು ಬಣ್ಣ ನೋಡುತ್ತಾ ಅಂದಿದ್ದ ನೆಲ್ಸನ್."

ಅವಳು ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

"ಆ ದೋಣಿ ಬೆನ್ನ ಮೇಲೆ ನನ್ನ ಹೆಸರಿದೆ. ನನ್ನ ಹೆಸರಲ್ಲಿ ನನ್ನ ಮಗನ ಮೇಲೆ ಲಂಗರು ಎಸೆದ. ಊರೋರಿಗೆಲ್ಲ ಅಲ್ಲಿಂದ ಮೀನು ಹಿಡಿಸಿ ತಿನ್ನಿಸಿದ. ನಾನು ತಾಯಿ. ನಾನು ನಿಲ್ಲಿಸ್ಬೇಕಿತ್ತು, ನಿಲ್ಲಿಸಿದೆ."

ಬರ್ನಿಸ್ ಗಿಲ್‌ನ ಕಡೆ ತಿರುಗಿದಳು. ಕಾನೂನಿನ ಪ್ರಕಾರ ಅವಳಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೂ ಕೇಳಿದಳು. "ಯಾಕೆ ಹೋಗ್ತಿದ್ರಿ ಕ್ಯಾಪ್ಟನ್?"

ಗಿಲ್ ಸೂಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಗೋರಿ ಇಲ್ಲ ಅವನಿಗೆ. ಎಲ್ಲಿಗೆ ಹೋಗ್ಲಿ? ಅವನ ಹತ್ರ ಕೂತಿರೋಣ ಅಂತ ಹೋಗ್ತಿದ್ದೆ."

"ಒಬ್ಬನೇ ಹೋಗ್ಬೇಕಿತ್ತು!" ಎಂದಳು ದಿಯೊಲಿಂಡಾ. ಆ ಮೂರು ದಿನದಲ್ಲಿ ಅವಳು ಗಂಡನೊಡನೆ ಆಡಿದ ಮೊದಲ ಮಾತು ಅದು. "ಆರಾರು ಜನ ಯಾಕೆ ಬೇಕಿತ್ತು ಗಿಲ್, ಗಾಳ ಹಿಡ್ಕೊಂಡು?"

"ಹೋಗಿದ್ದೆ. ಸೆಪ್ಟೆಂಬರಲ್ಲಿ, ಒಬ್ಬನೇ. ಇಂಜಿನ್ ಆರಿಸಿ ಕೂತೆ. ಸಂಜೆ ಆಯ್ತು. ಸುಮ್ನೆ ಇಳಿದುಬಿಡೋಣ ಅನ್ನಿಸ್ತು ದಿಯೊಲಿಂಡಾ. ಬೂಟು ಬಿಚ್ಚಿದ್ದೆ. ಆರು ಜನ ಇದ್ರೆ ಕ್ಯಾಪ್ಟನ್ ವಾಪಸ್ ಬರ್ಲೇಬೇಕು. ಅವರನ್ನ ಅವರವರ ಮನೆಗೆ ಮುಟ್ಟಿಸ್ಬೇಕಲ್ಲ. ಅದಕ್ಕೆ ಕರ್ಕೊಂಡು ಹೋಗ್ತಿದ್ದೆ. ಅವರು ಏನು ಹಿಡೀತಾರೆ ಅಂತ ನಾನು ತಿರುಗಿ ನೋಡ್ತಿರ್ಲಿಲ್ಲ."

ದಿಯೊಲಿಂಡಾ ಕುರ್ಚಿಯ ಬೆನ್ನು ಹಿಡಿದುಕೊಂಡು ಮೆಲ್ಲಗೆ ಕುಳಿತಳು. ಲೂಯಿ ಕಿಟಕಿಯ ಕಡೆ ತಿರುಗಿ ಮೂಗೊರೆಸಿಕೊಂಡ. ಬರ್ನಿಸಳಿಗೆ ಅತ್ತುಬಿಡಬೇಕೆನ್ನಿಸಿತು. ಅದರ ಬದಲು ಎದ್ದು ನಿಂತು, ಹೇಳಲೇಬೇಕಾದ ಮಾತುಗಳನ್ನು ಹೇಳಿದಳು. ಸುಮ್ಮನಿರುವ ಹಕ್ಕು ನಿಮಗಿದೆ, ವಕೀಲರನ್ನು ಕೇಳುವ ಹಕ್ಕು ನಿಮಗಿದೆ. ಹನ್ನೆರಡು ಐವತ್ತಕ್ಕೆ ದಿಯೊಲಿಂಡಾ ಫುರ್ತಾಡೊಳನ್ನು ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ಸ್ಕ್ರೂಡ್ರೈವರನ್ನು ಪಂಚನಾಮೆ ಮಾಡಿ ವಶಪಡಿಸಿಕೊಳ್ಳಲಾಯಿತು. ಪಟವನ್ನೂ ಕಳಚಬೇಕೆಂದು ನಿಯಮವಿತ್ತು. ಲೂಯಿ ಅದರ ಫೋಟೊ ತೆಗೆದು, ಅದನ್ನು ಗೋಡೆಯಲ್ಲೇ ಬಿಟ್ಟ.

ಠಾಣೆಯಲ್ಲಿ ಲೂಯಿ ಎರಡು ಬೆರಳಲ್ಲಿ ವರದಿ ಟೈಪ್ ಮಾಡಿದ. ಹಾನಿಗೊಳಗಾದ ಸ್ವತ್ತು: ದಿಯೊಲಿಂಡಾ. ಆರೋಪಿ: ದಿಯೊಲಿಂಡಾ. ಉದ್ದೇಶ ಎಂಬ ಕಡೆ ಬಂದು ನಿಂತ.

"ಇಲ್ಲಿ ಏನ್ ಬರೀಲಿ ಸಾರ್ಜೆಂಟ್? ದ್ವೇಷ ಅಂತ ಹಾಕ್ಲಾ?"

"ಹಾಕಬೇಡ. ನಾನು ಬರೀತೀನಿ," ಎಂದಳು ಬರ್ನಿಸ್. ಸಂಜೆಯವರೆಗೂ ಅವಳಿಂದ ಅಲ್ಲೊಂದು ಪದ ಬರೆಯಲಾಗಲಿಲ್ಲ.

ಆ ಠಾಣೆಯಲ್ಲಿ ಬೆರಳಚ್ಚಿಗೆ ಈಗಲೂ ಶಾಯಿಯೇ. ಹತ್ತೂ ಬೆರಳು ಒತ್ತಿ ಮುಗಿದ ಮೇಲೆ ದಿಯೊಲಿಂಡಾಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಗಿಲ್ ಅವಳ ಕೋಟು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕಾಯುತ್ತಿದ್ದ. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಅವಳು ಕಪ್ಪಾದ ಬೆರಳುಗಳನ್ನು ಎಲ್ಲೂ ತಾಗದಂತೆ ಎತ್ತಿ ಹಿಡಿದಿದ್ದಳು.

"ಗಿಲ್."

"ಹೂಂ."

"ಲಂಗರು ಅವನಿಗೆ ತಾಗ್ಲಿಲ್ಲ ತಾನೇ?"

ಗಿಲ್ ಕೋಟನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಗಳನ್ನು ಬಿಚ್ಚಿ ಅವಳ ಮುಂದೆ ಹಿಡಿದ. ಸುಟ್ಟ ಗೀರುಗಳು ಒಂದರ ಮೇಲೊಂದು ಒಣಗಿದ್ದವು.

"ಎಸೀಲಿಲ್ಲ ಕಣೇ. ಒಂದು ಸಲಾನೂ ಎಸೀಲಿಲ್ಲ. ಕೈಯಲ್ಲೇ ಹಿಡ್ಕೊಂಡು ಇಳಿಸ್ತಿದ್ದೆ. ಅವನಿಗೆ ಎಚ್ಚರ ಆಗದ ಹಾಗೆ."

ದಿಯೊಲಿಂಡಾ ಆ ಅಂಗೈಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎರಡನ್ನೂ ತನ್ನ ಕೈಯೊಳಗೆ ತೆಗೆದುಕೊಂಡಳು. ಶಾಯಿ ಅವನ ಗೀರುಗಳಿಗೆಲ್ಲ ಮೆತ್ತಿಕೊಂಡಿತು.